ಕಣ್ಣು ಪರದೆಯ ಮೇಲೆ, ಕೈ ಮೇಜಿನ ಮೇಲೆ

(ಡಿಜಿಟಲ್ ಚಿತ್ರ ಬಿಡಿಸಲು ತೊಡಗುತ್ತಿರುವ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಚಿತ್ರ ಬಿಡಿಸಲು ಯಾವ ಟ್ಯಾಬ್ಲೆಟ್, ಅಂದರೆ ವಿಶೇಷ ಪೆನ್ನಿನಿಂದ ಗೆರೆ ಎಳೆಯುವ ಯಾವ ಎಲೆಕ್ಟ್ರಾನಿಕ್ ಹಲಗೆ, ಕೊಳ್ಳಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಬಹುಪಾಲು ಜನರ ನಾಲಗೆಯ ತುದಿಯಲ್ಲಿದೆ ಎಂದು ನನಗೆ ಗೊತ್ತು. ಉತ್ತರ ಕೊಡದೆ ಇಲ್ಲಿಂದ ಏಳುವುದಿಲ್ಲ. ಅದಕ್ಕೆ ಮೊದಲು ಒಂದು ಗಂಟು ಬಿಡಿಸಿಕೊಳ್ಳೋಣ. ಟ್ಯಾಬ್ಲೆಟ್ ತಂದು ತಿಂಗಳು ಕಳೆಯುವುದರೊಳಗೆ ಅದನ್ನು ಬೀರುವಿನ ಮೇಲೆ ಎತ್ತಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. 'ನನಗೆ ಚಿತ್ರಕಲೆ ಒಲಿಯುವುದಿಲ್ಲ ಬಿಡಿ' ಎನ್ನುತ್ತಾರೆ. ಅವರ ಹಳೆಯ ನೋಟ್‌ಬುಕ್ ತೆರೆದು ನೋಡಿದರೆ ಪೆನ್ಸಿಲ್ಲಿನಲ್ಲಿ ಸೊಗಸಾಗಿಯೇ ಬಿಡಿಸಿರುತ್ತಾರೆ. ಇನ್ನೊಂದು ಗುಂಪಿಗೆ ಪೆನ್ನು ಬೇಗ ಕೈಗೆ ಹತ್ತುತ್ತದೆ. ಗೆರೆ ನುಣುಪಾಗಿ ಬರುತ್ತದೆ, ಬಣ್ಣ ಮಿರುಗುತ್ತದೆ, ಆದರೆ ಮುಖ ಬಿಡಿಸಿದರೆ ಎರಡು ಕಣ್ಣೂ ಎರಡು ದಿಕ್ಕಿಗೆ ನೋಡುತ್ತಿರುತ್ತವೆ. ಇವರು ಇನ್ನೂ ದುಬಾರಿ ಟ್ಯಾಬ್ಲೆಟ್ ಹುಡುಕಲು ಹೊರಡುತ್ತಾರೆ.

ಸಲಕರಣೆಯನ್ನು ಪಳಗಿಸಿಕೊಳ್ಳುವುದು ಒಂದು ಕಲಿಕೆ, ಚಿತ್ರ ಬಿಡಿಸುವುದು ಬೇರೆಯೇ ಕಲಿಕೆ. ಮೊದಲನೆಯದಕ್ಕೆ ಕೆಲವು ವಾರ ಸಾಕು. ಎರಡನೆಯದಕ್ಕೆ ಎಷ್ಟು ವರ್ಷ ಎಂದು ಕೇಳಬೇಡಿ. ಎರಡನ್ನೂ ಒಂದೇ ಎಂದು ತಿಳಿದವರು ಮೊದಲ ಗುಂಪಿನವರಂತೆ ಬೇಗ ಕೈಚೆಲ್ಲುತ್ತಾರೆ, ಇಲ್ಲವೇ ಎರಡನೆಯ ಗುಂಪಿನವರಂತೆ ಅಂಗಡಿಗೆ ಅಲೆಯುತ್ತಾರೆ. ಇಂದು ನನ್ನ ಮಾತು ಬಹುಮಟ್ಟಿಗೆ ಮೊದಲನೆಯದರ ಬಗ್ಗೆ. ಎರಡನೆಯದು ಒಂದು ಭಾಷಣದಲ್ಲಿ ಮುಗಿಯುವಂಥದ್ದಲ್ಲ.

ಟ್ಯಾಬ್ಲೆಟ್ ಕೆಲಸ ಮಾಡುವುದು ಹೇಗೆ ಎಂದು ಸ್ವಲ್ಪ ತಿಳಿದುಕೊಂಡರೆ ಕೊಳ್ಳುವಾಗಲೂ ಕೆಟ್ಟಾಗಲೂ ಉಪಯೋಗಕ್ಕೆ ಬರುತ್ತದೆ. ನನ್ನ ಕೈಯಲ್ಲಿರುವ ಈ ಪೆನ್ನನ್ನು ನೋಡಿ. ಇದರಲ್ಲಿ ಬ್ಯಾಟರಿ ಇಲ್ಲ, ಇದನ್ನು ಚಾರ್ಜ್ ಮಾಡಬೇಕಾಗಿಲ್ಲ. ಟ್ಯಾಬ್ಲೆಟ್ಟಿನ ಮೈಯೊಳಗೆ ಸಣ್ಣ ಸುರುಳಿಗಳ ಜಾಲವಿದೆ. ಅದು ಒಂದು ಕ್ಷಣ ಕಾಂತಕ್ಷೇತ್ರ ಹೊಮ್ಮಿಸುತ್ತದೆ, ಮರುಕ್ಷಣ ಸುಮ್ಮನಾಗಿ ಕಿವಿಗೊಡುತ್ತದೆ. ಪೆನ್ನಿನೊಳಗೂ ಒಂದು ಸುರುಳಿ ಇದೆ. ಅದು ಆ ಶಕ್ತಿಯನ್ನು ಹೀರಿ, ಅನುರಣಿಸಿ, ಒಂದು ಸಣ್ಣ ಸಂಕೇತವನ್ನು ಮರಳಿಸುತ್ತದೆ. ಯಾವ ಸುರುಳಿಗೆ ಎಷ್ಟು ಬಲವಾಗಿ ಸಂಕೇತ ಬಂತು ಎಂಬುದರ ಮೇಲೆ ಪೆನ್ನಿನ ಜಾಗ ಗೊತ್ತಾಗುತ್ತದೆ. ನಿಬ್ ಒತ್ತಿದಾಗ ಆ ಅನುರಣನದ ಕಂಪನಾಂಕ ತುಸು ಬದಲಾಗುತ್ತದೆ, ಅದರಿಂದ ಒತ್ತಡ ಎಷ್ಟೆಂದು ತಿಳಿಯುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ.

ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ. ಪೆನ್ನು ಮೇಲ್ಮೈಗೆ ತಾಗದೆ ಒಂದು ಸೆಂಟಿಮೀಟರಿನಷ್ಟು ಮೇಲಿದ್ದರೂ ಟ್ಯಾಬ್ಲೆಟ್ಟಿಗೆ ಅದು ಕಾಣುತ್ತದೆ, ನಡುವೆ ಒಂದು ಹಾಳೆ ಇಟ್ಟರೂ ಕಾಣುತ್ತದೆ. ಇದರ ಪ್ರಯೋಜನವನ್ನು ಆಮೇಲೆ ಹೇಳುತ್ತೇನೆ. ಇನ್ನೊಂದು, ಹತ್ತಿರ ಅಯಸ್ಕಾಂತವಿರುವ ಮೊಬೈಲ್ ಕವರ್, ಸ್ಪೀಕರ್ ಇಟ್ಟರೆ ಅಥವಾ ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೇ ಟ್ಯಾಬ್ಲೆಟ್ ಹರಡಿಕೊಂಡರೆ ಗೆರೆ ನಡುಗಬಹುದು. ಟ್ಯಾಬ್ಲೆಟ್ ಕೆಟ್ಟಿತೆಂದು ದುರಸ್ತಿಗೆ ಒಯ್ಯುವ ಮೊದಲು ಅದನ್ನು ಖಾಲಿ ಮೇಜಿನ ಮೇಲಿಟ್ಟು ನೋಡಿ.

ಸ್ವಲ್ಪ ದಾರಿ ತಪ್ಪುತ್ತೇನೆ. ಕಂಪ್ಯೂಟರಿನಲ್ಲಿ ಕೈಯಿಂದ ಚಿತ್ರ ಬಿಡಿಸುವುದು ನಿನ್ನೆ ಮೊನ್ನೆಯ ಆಟವಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್ಲ್ಯಾಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್.ಡಿ. ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಬರೆದರು. ಬೆಳಕಿನ ಪೆನ್ನೊಂದನ್ನು ಪರದೆಗೇ ಹಿಡಿದು ಅದರಲ್ಲಿ ಗೆರೆ ಎಳೆಯಬಹುದಿತ್ತು. ಮರುವರ್ಷವೇ ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯವರು ಮೇಜಿನ ಮೇಲಿಡುವ ಹಲಗೆಯೊಂದನ್ನು ತಂದರು. ಬರೆಯುವುದು ಹಲಗೆಯ ಮೇಲೆ, ನೋಡುವುದು ಎದುರಿನ ಪರದೆಯ ಮೇಲೆ. ಪರದೆಯ ಮೇಲೇ ಬಿಡಿಸಬೇಕೇ, ಮೇಜಿನ ಮೇಲೆ ಬಿಡಿಸಬೇಕೇ ಎಂದು ಇಂದು ನಾವು ಮಾಡುವ ಚರ್ಚೆಗೆ ಅರವತ್ತು ವರ್ಷ ದಾಟಿದೆ. ಬ್ಯಾಟರಿ ಬೇಡದ ಪೆನ್ನನ್ನು ಮನೆಮಾತಾಗಿಸಿದ ಜಪಾನಿನ ವ್ಯಾಕಾಮ್ ಕಂಪನಿ ಹುಟ್ಟಿದ್ದು 1983ರಲ್ಲಿ. ಬಹಳ ಕಾಲ ಈ ಮಾರುಕಟ್ಟೆ ಹೆಚ್ಚುಕಡಿಮೆ ಅವರದೇ ಆಗಿತ್ತು. ಈಗ ಹುಯಿಯಾನ್, ಎಕ್ಸ್‌ಪಿ-ಪೆನ್, ಗಾವ್‌ಮನ್ ಇತ್ಯಾದಿ ಬಂದ ಮೇಲೆ ಬೆಲೆ ಇಳಿದಿದೆ. ನಮ್ಮಂಥ ಹವ್ಯಾಸಿಗಳ ಕೈಗೆ ಇದು ಎಟುಕಿದ್ದು ಹಾಗೆ.

ಈಗ ಕೊಳ್ಳುವ ಮಾತು. ಅಂಗಡಿಯಲ್ಲಿ ಸಿಗುವವು ಮೂರು ಬಗೆ. ಪರದೆಯಿಲ್ಲದ ಕರಿ ಹಲಗೆ ಮೊದಲನೆಯದು. ಅದನ್ನು ಕಂಪ್ಯೂಟರಿಗೆ ಚುಚ್ಚಬೇಕು. ಎರಡನೆಯದಕ್ಕೆ ಪರದೆ ಇರುತ್ತದೆ, ಆದರೆ ಅದಕ್ಕೂ ಕಂಪ್ಯೂಟರ್ ಬೇಕು. ಮೂರನೆಯದು ಐಪ್ಯಾಡ್ ಅಥವಾ ಸ್ಯಾಮ್ಸಂಗ್ ಟ್ಯಾಬಿನಂತೆ ಸ್ವತಂತ್ರವಾಗಿ ನಡೆಯುವಂಥದ್ದು. ಮನೆಯಲ್ಲಿ ಹಳೆಯದೋ ಹೊಸದೋ ಒಂದು ಕಂಪ್ಯೂಟರ್ ಇದ್ದರೆ ಮೊದಲ ಬಗೆಯದನ್ನೇ, ಅದರಲ್ಲೂ ಸಣ್ಣದನ್ನೇ ಕೊಳ್ಳಿ. ಮೂರು ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದು ಸಿಗುತ್ತದೆ. ಪರದೆಯಿರುವುದಕ್ಕೆ ಅದರ ನಾಲ್ಕೈದು ಪಟ್ಟು ಕೊಡಬೇಕು. ಅದನ್ನು ಇಡಲು ಜಾಗ ಬೇಕು, ಎರಡು ಮೂರು ತಂತಿಗಳು ಬೇಕು, ಅದರ ಮೇಲೆ ಬಗ್ಗಿ ಬಗ್ಗಿ ಕತ್ತು ನೋಯುತ್ತದೆ. ಪರದೆಯಿಲ್ಲದ್ದರಲ್ಲಿ ನೀವು ನೆಟ್ಟಗೆ ಕೂತು ಎದುರಿಗೆ ನೋಡುತ್ತೀರಿ, ನಿಮ್ಮ ಕೈಯೇ ಚಿತ್ರಕ್ಕೆ ಅಡ್ಡ ಬರುವುದಿಲ್ಲ. ವರ್ಷಗಟ್ಟಲೆ ದುಡಿದ ವೃತ್ತಿನಿರತರಲ್ಲೂ ಇದನ್ನು ಬಿಟ್ಟುಕೊಡದವರು ಇದ್ದಾರೆ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ ಮುದ್ರಿಸಿರುತ್ತಾರೆ: ಒತ್ತಡದ ಹಂತಗಳು 2048, 4096, 8192, ಈಗ 16384. ಅದನ್ನು ನೋಡಿ ಮರುಳಾಗಬೇಡಿ. ನಿಮ್ಮ ಬೆರಳಿಗೆ ಎರಡು ಸಾವಿರ ಬಗೆಯ ಒತ್ತಡವನ್ನು ಬೇರೆ ಬೇರೆಯಾಗಿ ಕೊಡಲು ಬರುವುದಿಲ್ಲ, ನನ್ನ ಬೆರಳಿಗೂ ಬರುವುದಿಲ್ಲ. ಎಷ್ಟು ಹಗುರವಾಗಿ ತಾಗಿಸಿದರೆ ಗೆರೆ ಶುರುವಾಗುತ್ತದೆ ಎಂಬುದು ಮುಖ್ಯ, ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಹಾಕುವುದಿಲ್ಲ. ಸಾಧ್ಯವಾದರೆ ಯಾರದ್ದಾದರೂ ಟ್ಯಾಬ್ಲೆಟ್ ಹಿಡಿದು ನೋಡಿ: ಪೆನ್ನನ್ನು ಅದರ ಸ್ವಂತ ಭಾರದಲ್ಲೇ ಜಾರಿಸಿದಾಗ ಮಸುಕಾದ ಒಂದು ಗೆರೆ ಮೂಡಬೇಕು. ಇದರ ಜೊತೆಗೆ ಬಿಡಿ ನಿಬ್‌ಗಳು ಸುಲಭವಾಗಿ ಸಿಗುತ್ತವೆಯೇ, ಕಂಪನಿ ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶಗಳನ್ನು, ಅಂದರೆ ಹೊಸ ಡ್ರೈವರ್‌ಗಳನ್ನು ಬಿಡುಗಡೆ ಮಾಡುತ್ತಿದೆಯೇ ಎಂದು ವಿಚಾರಿಸಿ. ಇವಿಷ್ಟು ಸರಿಯಿದ್ದರೆ ಸಾಕು. ಟ್ಯಾಬ್ಲೆಟ್ಟಿನ ಅಂಚಿನಲ್ಲಿರುವ ಹನ್ನೆರಡು ಗುಂಡಿಗಳ ಗೋಜಿಗೆ ಹೋಗಬೇಡಿ, ಎಡಗೈ ಕೀಲಿಮಣೆಯ ಮೇಲಿದ್ದರೆ ಅವುಗಳ ಅಗತ್ಯವೇ ಬೀಳುವುದಿಲ್ಲ.

ಐಪ್ಯಾಡ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಆಪಲ್ ಪೆನ್ಸಿಲ್‌ನಲ್ಲಿ ನಾಲ್ಕು ಬಗೆ ಇವೆ. 2023ರಲ್ಲಿ ಬಂದ, ಬೆಲೆಯಲ್ಲಿ ಅಗ್ಗವಾದ ಯುಎಸ್‌ಬಿ-ಸಿ ಪೆನ್ಸಿಲ್ ಒತ್ತಡವನ್ನು ಗುರುತಿಸುವುದಿಲ್ಲ. ಟಿಪ್ಪಣಿ ಬರೆದುಕೊಳ್ಳಲು ಸಾಕು, ಚಿತ್ರಕ್ಕೆ ಸಾಲದು. ಹಣ ಉಳಿಯಿತೆಂದು ಅದನ್ನು ತಂದು, ಗೆರೆಯೆಲ್ಲ ಒಂದೇ ದಪ್ಪ ಬರುತ್ತದೆಂದು ತಲೆ ಕೆಡಿಸಿಕೊಂಡವರು ಇದ್ದಾರೆ. ಸ್ಯಾಮ್ಸಂಗ್ ಟ್ಯಾಬುಗಳಲ್ಲಿ ಎಸ್ ಪೆನ್ ಜೊತೆಗೇ ಬರುವ ಮಾದರಿಗಳಿವೆ, ಅದೂ ಬ್ಯಾಟರಿ ಬೇಡದ ಇದೇ ತಂತ್ರದ ಪೆನ್ನು. ರಸ್ತೆಬದಿಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ರಬ್ಬರ್ ತುದಿಯ ಕಡ್ಡಿಯೂ ಪೆನ್ನಿನಂತೆಯೇ ಕಾಣುತ್ತದೆ, ಆದರೆ ಫೋನಿನ ಲೆಕ್ಕದಲ್ಲಿ ಅದು ನಿಮ್ಮ ಬೆರಳು, ಅಷ್ಟೇ.

ತಂದಿರಿ, ಪೆಟ್ಟಿಗೆ ಬಿಚ್ಚಿದಿರಿ. ಜನ ಮೊದಲು ಮುಗ್ಗರಿಸುವುದು ಇಲ್ಲಿ. ಒಬ್ಬರು ನನ್ನ ಹತ್ತಿರ ಬಂದು, ನಾನು ಎಷ್ಟು ಎಚ್ಚರದಿಂದ ಬಿಡಿಸಿದರೂ ವೃತ್ತವೆಲ್ಲ ಕುಂಬಳಕಾಯಿಯಾಗುತ್ತದೆ ಎಂದರು. ಅವರ ಕೈಯಲ್ಲಿ ತಪ್ಪಿರಲಿಲ್ಲ. ಲೆಕ್ಕ ನೋಡಿ. ವ್ಯಾಕಾಮ್‌ನ ಸಣ್ಣ ಟ್ಯಾಬ್ಲೆಟ್‌ನಲ್ಲಿ ಬರೆಯುವ ಜಾಗ 152 ಮಿಲಿಮೀಟರ್ ಅಗಲ, 95 ಮಿಲಿಮೀಟರ್ ಎತ್ತರ. ಅಂದರೆ ಎತ್ತರದ 1.6 ಪಟ್ಟು ಅಗಲ. ನಿಮ್ಮ ಕಂಪ್ಯೂಟರ್ ಪರದೆ 1920ಕ್ಕೆ 1080, ಅಂದರೆ ಸುಮಾರು 1.78 ಪಟ್ಟು. ಡ್ರೈವರ್ ಇಡೀ ಟ್ಯಾಬ್ಲೆಟ್ಟನ್ನು ಇಡೀ ಪರದೆಗೆ ಹೊಂದಿಸಿಬಿಡುತ್ತದೆ. ನೀವು ಹಲಗೆಯ ಮೇಲೆ ದುಂಡಗೆ ಕೈಯಾಡಿಸಿದರೆ ಪರದೆಯ ಮೇಲೆ ಅದು ಅಡ್ಡಕ್ಕೆ ನೂರಕ್ಕೆ ಹನ್ನೊಂದರಷ್ಟು ಎಳೆದಂತೆ ಕಾಣುತ್ತದೆ. ಎರಡು ಪರದೆ ಜೋಡಿಸಿಕೊಂಡವರ ಗತಿ ಇನ್ನೂ ಅಧ್ವಾನ. ಡ್ರೈವರ್ ಸೆಟ್ಟಿಂಗ್‌ನಲ್ಲಿ ಅನುಪಾತ ಕಾಪಾಡುವ ಒಂದು ಆಯ್ಕೆ ಇರುತ್ತದೆ, ಫೋರ್ಸ್ ಪ್ರೊಪೋರ್ಷನ್ಸ್ ಎಂದೋ ಅದನ್ನು ಹೋಲುವ ಹೆಸರಿನಲ್ಲೋ. ಅದಕ್ಕೆ ಗುರುತು ಹಾಕಿ. ಟ್ಯಾಬ್ಲೆಟ್ಟಿನ ಕೆಳಗೆ ಒಂದು ಸೆಂಟಿಮೀಟರಿನಷ್ಟು ಜಾಗ ವ್ಯರ್ಥವಾಗುತ್ತದೆ, ಆಗಲಿ. ನಾನು ಹೇಳಿದವರ ವೃತ್ತ ಅಂದೇ ದುಂಡಗಾಯಿತು.

ವಿಂಡೋಸ್ ಬಳಸುವವರಿಗೆ ಇನ್ನೊಂದು ಉಪದ್ರವ ಕಾದಿದೆ. ಪೆನ್ನನ್ನು ಒತ್ತಿ ಹಿಡಿದರೆ ತುದಿಯ ಸುತ್ತ ಒಂದು ಪುಟ್ಟ ಉಂಗುರ ತಿರುಗುತ್ತದೆ, ಗೆರೆ ತಡವಾಗಿ ಹೊರಡುತ್ತದೆ. ಅದು ಬಲಗುಂಡಿಯ ಕ್ಲಿಕ್ಕಿಗೆಂದು ವಿಂಡೋಸ್ ಮಾಡಿಟ್ಟ ಸೌಕರ್ಯ, ನಮಗೆ ಬೇಡದ್ದು. ಪೆನ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ನಿಲ್ಲಿಸಿಬಿಡಿ. ಗೆರೆ ಬರುತ್ತದೆ, ಒತ್ತಡ ಮಾತ್ರ ಹತ್ತುತ್ತಿಲ್ಲ ಎಂದಾದರೆ ಚಿತ್ರದ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆಗಳಿರುತ್ತವೆ. ಒಂದು ಕೆಲಸ ಮಾಡದಿದ್ದರೆ ಇನ್ನೊಂದನ್ನು ಆರಿಸಿ, ತಂತ್ರಾಂಶ ಮುಚ್ಚಿ ತೆರೆಯಿರಿ. ಹತ್ತರಲ್ಲಿ ಎಂಟು ದೂರುಗಳು ಇಷ್ಟಕ್ಕೇ ಬಗೆಹರಿಯುತ್ತವೆ. ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಇದ್ದವರು ಅದರ ಡ್ರೈವರನ್ನು ಮೊದಲು ತೆಗೆದುಹಾಕಬೇಕು, ಎರಡು ಡ್ರೈವರ್‌ಗಳು ಒಂದೇ ಕಂಪ್ಯೂಟರಿನಲ್ಲಿ ಹೊಂದಿಕೊಂಡು ಬಾಳುವುದು ಕಡಿಮೆ. ಲಿನಕ್ಸ್ ಬಳಗದವರು ನಗುತ್ತಿದ್ದೀರಿ, ಗೊತ್ತು. ವ್ಯಾಕಾಮ್ ಆದರೆ ನಿಮ್ಮಲ್ಲಿ ಚುಚ್ಚಿದ ಕೂಡಲೇ ಓಡುತ್ತದೆ.

ಇನ್ನು ಕೈಯ ವಿಷಯ. ಕೈ ಕೆಳಗೆ ಚಲಿಸುತ್ತದೆ, ಗೆರೆ ಎದುರಿಗೆ ಮೂಡುತ್ತದೆ. ಮೊದಲ ದಿನ ಇದು ಮೈಗೆ ಒಗ್ಗುವುದೇ ಇಲ್ಲ. ಕತ್ತು ತಾನಾಗಿಯೇ ಕೆಳಗೆ ಬಾಗಿ ಕೈಯನ್ನು ನೋಡುತ್ತದೆ, ಅಲ್ಲಿ ಖಾಲಿ ಹಲಗೆ ಇರುತ್ತದೆ. ಈ ಹಂತದಲ್ಲಿ ಚಿತ್ರ ಬಿಡಿಸಲು ಹೋಗಬೇಡಿ. ನಾನು ಎಲ್ಲರಿಗೂ ಹೇಳುವ ಅಭ್ಯಾಸ ಒಂದೇ: ಕನ್ನಡ ವರ್ಣಮಾಲೆ ಬರೆಯಿರಿ. ಅ ಆ ಇ ಈ ಇಂದ ಹಿಡಿದು ಳ ತನಕ, ಪರದೆಯ ಅರ್ಧದಷ್ಟು ದೊಡ್ಡದಾಗಿ, ಕಣ್ಣು ಪರದೆಯಿಂದ ಕದಲದಂತೆ. ಅಕ್ಷರದ ಹಾದಿ ನಿಮ್ಮ ಕೈಗೆ ಐದನೇ ವಯಸ್ಸಿನಿಂದ ಗೊತ್ತು. ಏನು ಬಿಡಿಸಲಿ, ಅನುಪಾತ ಸರಿಯಿದೆಯೇ ಎಂಬ ಚಿಂತೆ ಇರುವುದಿಲ್ಲ. ಕೈಗೂ ಕಣ್ಣಿಗೂ ನಡುವಿನ ಹೊಸ ಒಪ್ಪಂದ ಒಂದನ್ನೇ ಕಲಿಯುತ್ತೀರಿ. ನಮ್ಮ ಲಿಪಿ ಇದಕ್ಕೆ ಹೇಳಿ ಮಾಡಿಸಿದ್ದು. ಠ ಒಂದು ಪೂರ್ತಿ ಸುತ್ತು. ಜ, ಣ, ಋ ಇವುಗಳಲ್ಲಿ ಗೆರೆ ಎರಡು ಮೂರು ಸಲ ತಿರುಗಿ ಬಳುಕುತ್ತದೆ. ತಲೆಕಟ್ಟು ಹಾಕಬೇಕಾದರೆ ಪೆನ್ನು ಎತ್ತಿ, ಗಾಳಿಯಲ್ಲಿ ಜಾಗ ಹುಡುಕಿ, ಸರಿಯಾದ ಕಡೆ ಇಳಿಸಬೇಕು. ಹೊಸಬರಿಗೆ ತೀರಾ ಕಷ್ಟವಾಗುವುದು ಅದೇ, ಎತ್ತಿದ ಪೆನ್ನನ್ನು ಬೇಕಾದಲ್ಲಿ ಇಳಿಸುವುದು. ಹೊಕ್ಕುಳಿನ ಚುಕ್ಕೆ ಥ ಅಕ್ಷರದ ನಡುವಿಗೆ ಸರಿಯಾಗಿ ಬೀಳುವಂತಾದ ದಿನ ನಿಮ್ಮ ಕೈ ಪಳಗಿತು ಎನ್ನಿ.

ಹಲಗೆಯ ನುಣುಪಿಗೆ ಪೆನ್ನು ಜಾರುತ್ತದೆ ಎನ್ನುವವರು ಒಂದು ಬಿಳಿ ಹಾಳೆಯನ್ನು ಅದರ ಮೇಲೆ ಟೇಪಿನಿಂದ ಅಂಟಿಸಿ. ನಾನು ಆಗಲೇ ಹೇಳಿದಂತೆ ಹಾಳೆಯನ್ನು ದಾಟಿಯೂ ಪೆನ್ನು ಕಾಣುತ್ತದೆ. ಕಾಗದದ ತರಿ ಬೆರಳಿಗೆ ಹತ್ತಿ ಹಿಡಿತ ಬರುತ್ತದೆ. ಅದೇ ರೀತಿ, ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಮೊದಲೇ ಬಿಡಿಸಿದ ಚಿತ್ರವನ್ನು ಅಂಟಿಸಿ ಪೆನ್ನಿನಿಂದ ಅದರ ಮೇಲೆ ಹೋದರೆ ಅದು ಕಂಪ್ಯೂಟರಿಗೆ ಇಳಿಯುತ್ತದೆ. ನಿಬ್ ಬೇಗ ಸವೆಯುತ್ತದೆ, ಅದೊಂದು ನಷ್ಟ. ನಿಬ್ ಸವೆದು ಒಂದು ಕಡೆ ಉಳಿಯಂತೆ ಚಪ್ಪಟೆಯಾದರೆ ಕೂಡಲೇ ಬದಲಾಯಿಸಿ, ಇಲ್ಲದಿದ್ದರೆ ಹಲಗೆಯ ಮೇಲೆ ಗೀರು ಬೀಳುತ್ತದೆ. ಪ್ರತಿಸಲ ಕೂರುವ ಮೊದಲು ಒಣಬಟ್ಟೆಯಲ್ಲಿ ಧೂಳು ಒರೆಸಿ. ಬೇಸಿಗೆಯಲ್ಲಿ ನಮ್ಮೂರುಗಳ ಕಿಟಕಿಯಿಂದ ಬರುವ ಧೂಳೆಂದರೆ ಸಣ್ಣ ಮರಳೇ, ಅದರ ಮೇಲೆ ನಿಬ್ ಉಜ್ಜಿದರೆ ಉಪ್ಪುಕಾಗದ ಹಚ್ಚಿದ ಹಾಗೆ.

ಎರಡನೆಯ ಅಭ್ಯಾಸಕ್ಕೆ ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನು ತನ್ನಿ. ಮನೆಯವರ ಅಪ್ಪಣೆ ಪಡೆದು ತನ್ನಿ. ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು ಓರೆಯಿಂದ ನೋಡಿದರೆ ದೊಡ್ಡದೊಂದು ಅಂಡಾಕಾರ, ಒಳಗೆ ಏಳು ಸಣ್ಣ ಅಂಡಾಕಾರಗಳು. ಎಲ್ಲವೂ ಹೆಚ್ಚುಕಡಿಮೆ ಒಂದೇ ಚಪ್ಪಟೆತನದಲ್ಲಿ ಕಾಣುತ್ತವೆ. ಹಿಂದಿನ ಬಟ್ಟಲು ಮುಂದಿನದಕ್ಕಿಂತ ತುಸು ಕಿರಿದು, ತುಸು ಹೆಚ್ಚು ಚಪ್ಪಟೆ. ಇದನ್ನು ಬರೇ ಗೆರೆಯಲ್ಲಿ ಬಿಡಿಸಿ. ಬಳಿಕ ಬಣ್ಣಕ್ಕೆ ಹೋಗದೆ ಮೂರೇ ಬೂದುಗಳಲ್ಲಿ ತುಂಬಿ: ಸಾಸಿವೆಗೆ ಕಡು, ಮೆಣಸಿನಪುಡಿಗೆ ನಡು, ಉದ್ದಿನಬೇಳೆಗೆ ತಿಳಿ. ಮೆಣಸಿನಪುಡಿ ಕೆಂಪಲ್ಲವೇ, ಅರಿಸಿನ ಹಳದಿಯಲ್ಲವೇ ಎಂದು ಕೈ ತುರಿಸುತ್ತದೆ. ತಡೆದುಕೊಳ್ಳಿ. ಬೂದಿನಲ್ಲಿ ನೋಡಿದರೆ ಅರಿಸಿನ ಎಷ್ಟು ತಿಳಿ, ಮೆಣಸಿನಪುಡಿ ಎಷ್ಟು ಕಡು ಎಂದು ಗೊತ್ತಾಗುತ್ತದೆ. ಬಣ್ಣದಲ್ಲಿ ಕೆಟ್ಟ ಚಿತ್ರಗಳಲ್ಲಿ ಹೆಚ್ಚಿನವು ನಿಜಕ್ಕೂ ಬೆಳಕು ನೆರಳಿನಲ್ಲಿ ಕೆಟ್ಟವು.

ಗೆರೆಯನ್ನು ಎಳೆಯುವಾಗ ಮಣಿಕಟ್ಟಿಗಿಂತ ಮೊಣಕೈ, ಭುಜ ಹೆಚ್ಚು ಚಲಿಸಲಿ. ಸಣ್ಣ ಟ್ಯಾಬ್ಲೆಟ್‌ನಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಆದರೂ ಉದ್ದ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯಿರಿ, ಕೂದಲಿನಂಥ ಹತ್ತು ತುಂಡುಗಳನ್ನು ಜೋಡಿಸಬೇಡಿ. ಎಳೆ ರಂಗೋಲಿ ಹಾಕುವ ಕೈ ಇದ್ದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಚುಕ್ಕಿಗಳ ನಡುವೆ ಹಿಟ್ಟು ಬಿಡುವಾಗ ಯಾರೂ ಅರ್ಧಕ್ಕೆ ನಿಂತು ಯೋಚಿಸುವುದಿಲ್ಲ. ಮತ್ತೆ, ಸಮಯ ಸಿಕ್ಕಾಗ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ನರ್ತಕಿಯರ ರೇಖಾಚಿತ್ರಗಳನ್ನು ನೋಡಿ. ಬೆರಳೆಣಿಕೆಯಷ್ಟು ಗೆರೆಗಳಲ್ಲಿ ಇಡೀ ಮೈ ತಿರುಗುತ್ತದೆ. ಎಲ್ಲಿ ಒತ್ತಿದ್ದಾರೆ, ಎಲ್ಲಿ ಸಡಿಲ ಬಿಟ್ಟಿದ್ದಾರೆ ಎಂದು ಬೆರಳಿಟ್ಟು ಹಿಂಬಾಲಿಸಿ. ಒತ್ತಡವನ್ನು ಗುರುತಿಸುವ ಪೆನ್ನು ನಮಗೇಕೆ ಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಎರಡು ಚಟಗಳ ಬಗ್ಗೆ ಹೇಳಲೇಬೇಕು. ಒಂದು ಕಂಟ್ರೋಲ್-ಝಡ್, ಅಂದರೆ ಎಳೆದದ್ದನ್ನು ರದ್ದು ಮಾಡುವ ಕೀಲಿಗಳು. ಕಾಗದದಲ್ಲಿ ತಪ್ಪಿದ ಗೆರೆಯೊಂದಿಗೆ ನೀವು ಏಗುತ್ತೀರಿ, ಇಲ್ಲಿ ಅಳಿಸಿ ಮತ್ತೆ ಎಳೆಯುತ್ತೀರಿ, ಮತ್ತೆ ಅಳಿಸುತ್ತೀರಿ. ಒಂದು ಮೂಗಿನ ಗೆರೆಗೆ ಹತ್ತು ನಿಮಿಷ ಹೋಗಿರುತ್ತದೆ. ತಂತ್ರಾಂಶದಲ್ಲಿ ಹಿಂದಕ್ಕೆ ಹೋಗುವ ಹೆಜ್ಜೆಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು. ಅಭ್ಯಾಸದ ದಿನಗಳಲ್ಲಿ ಐದಕ್ಕೆ ಇಳಿಸಿ. ಇನ್ನೊಂದು ಹಿಗ್ಗಿಸಿ ನೋಡುವ ಚಟ. ಕಣ್ಣಿನ ರೆಪ್ಪೆಯ ಒಂದೊಂದು ಕೂದಲನ್ನೂ ನಾಲ್ಕು ಪಟ್ಟು ಹಿಗ್ಗಿಸಿ ತಿದ್ದಿ, ಕೊನೆಗೆ ಚಿತ್ರ ಪೂರ್ತಿ ನೋಡಿದರೆ ತಲೆಯೇ ಕತ್ತಿನ ಮೇಲೆ ಕೂತಿರುವುದಿಲ್ಲ. ಮೂಲೆಯಲ್ಲಿ ಇಡೀ ಚಿತ್ರದ ಸಣ್ಣ ಪ್ರತಿ ಸದಾ ಕಾಣುವಂತೆ ಇಟ್ಟುಕೊಳ್ಳಿ. ಆಗಾಗ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಎಂ ಕೀಲಿ ಒತ್ತಿದರೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಸೊಟ್ಟ ಮೂಗು ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಕ್ರಿತಾ ಎಂದೆ. ತಂತ್ರಾಂಶದ ಬಗ್ಗೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಆಯ್ಕೆ ಸುಲಭ. ಕ್ರಿತಾ ಉಚಿತ, ಮುಕ್ತ ತಂತ್ರಾಂಶ, ಅದರ ಕೆಲಸ 1999ರಲ್ಲಿ ಆರಂಭವಾಯಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಅದಕ್ಕೆ ಹಣ ಕೇಳುತ್ತದೆ, ಅವರದೇ ಜಾಲತಾಣದಲ್ಲಿ ಅದೇ ತಂತ್ರಾಂಶ ಹಣವಿಲ್ಲದೆ ಸಿಗುತ್ತದೆ. ಕೊಡುವ ಮನಸ್ಸಿದ್ದರೆ ಕೊಡಿ, ಒಳ್ಳೆಯ ಕೆಲಸಕ್ಕೇ ಹೋಗುತ್ತದೆ. ಐಪ್ಯಾಡಿನವರಿಗೆ ಪ್ರೊಕ್ರಿಯೇಟ್, ಒಮ್ಮೆ ಕೊಂಡರೆ ಮುಗಿಯಿತು. ಫೋನಿನವರಿಗೆ ಐಬಿಸ್ ಪೇಂಟ್. ಕಾಮಿಕ್ಸ್ ಬಿಡಿಸುವ ಆಸೆಯಿದ್ದವರು ಮುಂದೆ ಕ್ಲಿಪ್ ಸ್ಟುಡಿಯೋ ನೋಡಬಹುದು. ಫೋಟೋಶಾಪ್‌ನ ಮಾಸಿಕ ಬಾಡಿಗೆ ಹವ್ಯಾಸಿಗೆ ಬೇಡ. ಯಾವುದನ್ನಾದರೂ ಒಂದನ್ನು ಹಿಡಿದು ಒಂದು ವರ್ಷ ಬಿಡಬೇಡಿ. ಇನ್ನು ಐನೂರು ಬ್ರಷ್‌ಗಳ ಕಟ್ಟನ್ನು ಇಳಿಸಿಕೊಳ್ಳುವವರಿಗೆ ನನ್ನ ನಮಸ್ಕಾರ. ಒಂದು ಗಟ್ಟಿ ಅಂಚಿನದು, ಒಂದು ಮೃದು ಅಂಚಿನದು, ಪೆನ್ಸಿಲ್ಲಿನಂಥದ್ದೊಂದು. ಮೊದಲ ವರ್ಷಕ್ಕೆ ಈ ಮೂರು ಹೆಚ್ಚೇ ಆಯಿತು.

ಲೇಯರ್ ಎಂಬ ಪದರಗಳ ವ್ಯವಸ್ಥೆ ಡಿಜಿಟಲ್ ಚಿತ್ರದ ನಿಜವಾದ ವರ. ಮೈಸೂರು ಸಂಪ್ರದಾಯದ ಚಿತ್ರಕಾರರೂ ಹಂತ ಹಂತವಾಗಿಯೇ ಕಟ್ಟುತ್ತಿದ್ದರು: ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ಕರಡು, ಆಮೇಲೆ ಆಭರಣಗಳಿಗೆ ಉಬ್ಬುಗೆಲಸ, ಅದರ ಮೇಲೆ ಚಿನ್ನದ ರೇಕು, ಬಣ್ಣ. ಆದರೆ ರೇಕು ಕೂತ ಮೇಲೆ ಕೆಳಗಿನ ಕರಡನ್ನು ತಿದ್ದುವಂತಿರಲಿಲ್ಲ. ನಮಗೆ ಕೊನೆಯ ಗಳಿಗೆಯಲ್ಲೂ ತಿದ್ದುವ ಸ್ವಾತಂತ್ರ್ಯವಿದೆ. ಅದನ್ನು ದುರುಪಯೋಗ ಮಾಡಿಕೊಂಡು ಎಪ್ಪತ್ತು ಪದರ ಮಾಡಿದರೆ ಯಾವುದರ ಮೇಲೆ ಬಿಡಿಸುತ್ತಿದ್ದೇವೆ ಎಂಬುದೇ ತಿಳಿಯದೆ ಹೋಗುತ್ತದೆ. ಕರಡಿಗೆ ಒಂದು, ಗೆರೆಗೆ ಒಂದು, ಬಣ್ಣಕ್ಕೆ ಒಂದು, ನೆರಳಿಗೆ ಒಂದು. ನೆರಳಿನ ಪದರವನ್ನು ಮಲ್ಟಿಪ್ಲೈ ವಿಧಾನಕ್ಕೆ ಹಾಕಿದರೆ ಕೆಳಗಿನ ಬಣ್ಣ ಕಾಣುತ್ತಲೇ ಕಪ್ಪಾಗುತ್ತದೆ. ನೆರಳಿಗೆ ಬರೀ ಕಪ್ಪು ಬಳಿಯಬೇಡಿ, ತುಸು ನೀಲಿಯೋ ನೇರಳೆಯೋ ಇರಲಿ.

ಅಳತೆಯನ್ನು ಮೊದಲೇ ತೀರ್ಮಾನಿಸಿ. ಎ4 ಹಾಳೆಗೆ ಚೆನ್ನಾಗಿ ಮುದ್ರಣವಾಗಬೇಕಾದರೆ ಇಂಚಿಗೆ 300 ಚುಕ್ಕೆಯಂತೆ 2480ಕ್ಕೆ 3508 ಪಿಕ್ಸೆಲ್ ಬೇಕು. ಒಂದು ಪಿಕ್ಸೆಲ್ಲಿಗೆ ನಾಲ್ಕು ಬೈಟ್ ಹಿಡಿದರೆ ತುಂಬಿದ ಒಂದು ಪದರಕ್ಕೆ ಸುಮಾರು 35 ಎಂಬಿ. ಇಪ್ಪತ್ತು ಪದರವಾದರೆ 700 ಎಂಬಿ. ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುವುದು ಇದಕ್ಕೇ. ಮೊಬೈಲಿನಲ್ಲಷ್ಟೇ ತೋರಿಸುವ ಚಿತ್ರವಾದರೆ ಇದರ ಅರ್ಧ ಅಳತೆ ಸಾಕು. ಸಣ್ಣದನ್ನು ಬಿಡಿಸಿ ಆಮೇಲೆ ಹಿಗ್ಗಿಸಿದರೆ ಮಾತ್ರ ಮಸುಕಾಗುತ್ತದೆ.

ಮುದ್ರಣದವರ ಬಳಿ ಹೋಗುವವರಿಗೆ ಇನ್ನೊಂದು ಮಾತು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಪರದೆಯ ಮೇಲೆ ಝಗಮಗಿಸುವ ಗಿಳಿಹಸಿರು, ಕಡುನೀಲಿ ಕಾಗದಕ್ಕೆ ಇಳಿದಾಗ ಮಂಕಾಗುತ್ತವೆ. ಮದುವೆ ಕರೆಯೋಲೆಗೆ ಬಿಡಿಸಿಕೊಡುವವರು ಮೊದಲು ಒಂದೇ ಪ್ರತಿ ತೆಗೆಸಿ ನೋಡಿ. ರಾತ್ರಿ ಕೂತು ಬಣ್ಣ ಹಾಕುವವರು ಕಣ್ಣಿಗೆ ತಂಪೆಂದು ಕಂಪ್ಯೂಟರಿನ ನೈಟ್ ಲೈಟ್ ಹಾಕಿಕೊಂಡಿರುತ್ತೀರಿ. ಪರದೆಯೇ ಕೆಂಬಣ್ಣಕ್ಕೆ ತಿರುಗಿರುವುದರಿಂದ ಅದನ್ನು ಸರಿದೂಗಿಸಲು ನೀಲಿ ಸುರಿಯುತ್ತೀರಿ, ಬೆಳಿಗ್ಗೆ ನೋಡಿದರೆ ನೀವು ಬಿಡಿಸಿದವರೆಲ್ಲ ಚಳಿ ಹಿಡಿದವರಂತೆ ಕಾಣುತ್ತಾರೆ. ಚಿತ್ರದ ಹೊತ್ತಿನಲ್ಲಿ ನೈಟ್ ಲೈಟ್ ನಿಲ್ಲಿಸಿಡಿ.

ಚಿತ್ರದಲ್ಲಿ ಕನ್ನಡ ಅಕ್ಷರ ಸೇರಿಸುವವರಿಗೂ ಒಂದು ತೊಡಕಿದೆ. ಚಿತ್ರ ಬಿಡಿಸುವ ಹಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ಹಳೆಯ ಫೋಟೋಶಾಪ್‌ನಲ್ಲಿ ಅಕ್ಷರದ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಎಂಬುದನ್ನು ಆರಿಸದಿದ್ದರೆ ಇದೇ ಕಥೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ, ಅಲ್ಲಿ ಬರೆದು ಚಿತ್ರಕ್ಕೆ ತಂದುಕೊಳ್ಳಿ. ನನ್ನನ್ನು ಕೇಳಿದರೆ ಕೈಯಿಂದಲೇ ಬರೆಯಿರಿ. ವರ್ಣಮಾಲೆ ತಿದ್ದಿದ್ದು ಇಲ್ಲಿ ಕೂಲಿ ಕೊಡುತ್ತದೆ. ಚಪ್ಪಟೆ ಬ್ರಷ್ಷನ್ನು 45 ಡಿಗ್ರಿ ಓರೆಗೆ ಹಾಕಿ ಬರೆದರೆ ದಪ್ಪ ತೆಳು ತಾನಾಗಿ ಬರುತ್ತದೆ. ಹಳೆಯ ಸಿನಿಮಾ ಭಿತ್ತಿಪತ್ರಗಳ ಶೀರ್ಷಿಕೆಗಳನ್ನು ಎದುರಿಗಿಟ್ಟುಕೊಂಡು ನೋಡಿ ಬರೆಯುವುದರಲ್ಲಿ ಒಂದು ಸಂಜೆ ಹೇಗೆ ಹೋಯಿತೆಂದು ಗೊತ್ತಾಗುವುದಿಲ್ಲ.

ಉಳಿಸುವುದನ್ನು ಮರೆಯಬೇಡಿ. ಕರೆಂಟು ಹೋಗುವುದು ಚಿತ್ರ ಮುಗಿಯುವ ಹೊತ್ತಿಗೇ. ತಾನಾಗಿ ಉಳಿಸುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ. ತಂತ್ರಾಂಶದ ಸ್ವಂತ ರೂಪದಲ್ಲಿ ಮೂಲ ಕಡತ ಇರಲಿ, ಹಂಚಿಕೊಳ್ಳಲು ಪಿಎನ್‌ಜಿ ತೆಗೆಯಿರಿ. ಜೆಪೆಗ್ ಮಾಡಿ ಮೂಲವನ್ನು ಅಳಿಸಿದರೆ ಪದರಗಳೆಲ್ಲ ಹೋದಂತೆ.

ಚೀಟಿಗಳು ಬಂದಿವೆ, ಕೆಲವನ್ನು ಓದುತ್ತೇನೆ. 'ಫೋಟೋ ಕೆಳಗಿಟ್ಟು ಅದರ ಮೇಲೆ ಗೆರೆ ಎಳೆದರೆ ಮೋಸವೇ?' ಕಲಿಯಲು ಎಳೆದರೆ ಮೋಸವಲ್ಲ. ಬೇರೆಯವರ ಫೋಟೋ ಅಥವಾ ಚಿತ್ರದ ಮೇಲೆ ಎಳೆದು ನಿಮ್ಮ ಹೆಸರು ಹಾಕಿದರೆ ಮೋಸವೇ. ನಿಮ್ಮ ಫೋನಿನಲ್ಲಿ ನೀವೇ ತೆಗೆದ ಫೋಟೋ ಬಳಸಿ, ಜಗಳವೇ ಇಲ್ಲ. ಒಮ್ಮೆ ಎಳೆದ ಮೇಲೆ ಫೋಟೋವನ್ನು ಮುಚ್ಚಿ, ಪಕ್ಕದಲ್ಲಿ ನೆನಪಿನಿಂದ ಮತ್ತೊಮ್ಮೆ ಬಿಡಿಸಿ. ಕಲಿತದ್ದೆಷ್ಟು ಎಂದು ಎರಡನೆಯದು ಹೇಳುತ್ತದೆ.

'ಎಐ ಒಂದು ನಿಮಿಷದಲ್ಲಿ ಚಿತ್ರ ಕೊಡುವಾಗ ನಾವೇಕೆ ಕಷ್ಟಪಡಬೇಕು?' ಚಿತ್ರ ಬೇಕಾದವರು ಕಷ್ಟಪಡಬೇಕಾಗಿಲ್ಲ. ನಾನು ಬಂದದ್ದು ಬಿಡಿಸಬೇಕು ಎನ್ನುವವರ ಜೊತೆ ಮಾತನಾಡಲು.

ಇದು ಹಿರಿಯರೊಬ್ಬರ ಚೀಟಿ: 'ವಯಸ್ಸು ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ, ಇದು ನನಗೆ ಆಗುತ್ತದೆಯೇ ತಾಯಿ?' ಆಗುತ್ತದೆ, ಅಜ್ಜ. ಕಾಗದಕ್ಕಿಂತ ಇಲ್ಲಿ ನಿಮಗೆ ಅನುಕೂಲ ಹೆಚ್ಚು. ಗೆರೆಯನ್ನು ಸ್ಥಿರಗೊಳಿಸುವ ಸ್ಟೆಬಿಲೈಸರ್ ಎಂಬ ಆಯ್ಕೆ ಇದೆ. ಗೆರೆ ನಿಮ್ಮ ಕೈಯ ಹಿಂದೆ ತುಸು ತಡವಾಗಿ ಬರುತ್ತದೆ, ಆ ತಡದಲ್ಲಿ ನಡುಕ ಕರಗುತ್ತದೆ. ಎಳೆಯರಿಗೆ ನಾನು ಅದನ್ನು ಕಡಿಮೆ ಇಡಿ ಎನ್ನುತ್ತೇನೆ, ಹೆಚ್ಚಿಟ್ಟರೆ ಎಲ್ಲರ ಗೆರೆಯೂ ಒಂದೇ ಥರ ಕಾಣುತ್ತದೆ. ನೀವು ಧಾರಾಳವಾಗಿ ಏರಿಸಿ. ಡ್ರೈವರಿನಲ್ಲಿ ಒತ್ತಡದ ರೇಖೆಯನ್ನು ಮೃದು ಕಡೆಗೆ ಎಳೆದರೆ ಹಗುರವಾಗಿ ತಾಗಿಸಿದರೂ ದಪ್ಪ ಗೆರೆ ಬರುತ್ತದೆ, ಬೆರಳು ನೋಯುವುದಿಲ್ಲ. ಪೆನ್ನು ತೀರಾ ಸಣ್ಣದೆನಿಸಿದರೆ ಹತ್ತಿ ಬಟ್ಟೆಯನ್ನು ಎರಡು ಸುತ್ತು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಪೆನ್ನಿನ ಗುಂಡಿ ಒತ್ತದಂತೆ ನೋಡಿಕೊಂಡರಾಯಿತು.

ಹಿಂದಿನ ಮೇಜಿನ ಮೇಲೆ ಎರಡು ಟ್ಯಾಬ್ಲೆಟ್ ಜೋಡಿಸಿಟ್ಟಿದ್ದೇನೆ, ಕ್ರಿತಾ ತೆರೆದೇ ಇದೆ. ಅಜ್ಜ, ಮೊದಲು ನೀವು ಬನ್ನಿ. ಉಳಿದವರು ನಿಮ್ಮ ಹೆಸರಿನ ಮೊದಲ ಅಕ್ಷರ ಬರೆದು ನೋಡಿ. ಎಡಗೈಯವರು ಯಾರಾದರೂ ಇದ್ದರೆ ಮುಂಚೆಯೇ ಹೇಳಿ, ಸೆಟ್ಟಿಂಗ್‌ನಲ್ಲಿ ಹಲಗೆಯನ್ನು 180 ಡಿಗ್ರಿ ತಿರುಗಿಸಿ ಕೊಡುತ್ತೇನೆ, ಇಲ್ಲದಿದ್ದರೆ ತಂತಿ ಕೈಗೆ ಅಡ್ಡ ಬರುತ್ತದೆ.